ಮೊದಲ ಹತ್ತು ಕಿಲೋಮೀಟರ್ ಓಟ: ಹೆಸರು ಕೊಡುವುದರಿಂದ ಶೂ ಒಣಗಿಸುವವರೆಗೆ

ನನ್ನ ಮೊದಲ 10ಕೆ ಓಟದಲ್ಲಿ ಮೊದಲ ಕಿಲೋಮೀಟರನ್ನು 5 ನಿಮಿಷ 20 ಸೆಕೆಂಡಲ್ಲಿ ಮುಗಿಸಿದ್ದೆ. ಅಭ್ಯಾಸದಲ್ಲಿ 7 ನಿಮಿಷಕ್ಕಿಂತ ಕಡಿಮೆಯಲ್ಲಿ ಯಾವತ್ತೂ ಓಡಿದವನಲ್ಲ. ಸುತ್ತ ಅಷ್ಟೊಂದು ಜನ, ಡೊಳ್ಳಿನ ಸದ್ದು, ಮೈಕಿನಲ್ಲಿ ಕೂಗು. ಕಾಲು ತಾನಾಗಿಯೇ ಹೋಗುತ್ತಿತ್ತು. ಆರನೇ ಕಿಲೋಮೀಟರಿಗೆ ಪಕ್ಕೆ ಹಿಡಿಯಿತು. ಏಳಕ್ಕೆ ನಡೆಯತೊಡಗಿದೆ. ಬಿಳಿ ಕ್ಯಾನ್ವಾಸ್ ಶೂ ಹಾಕಿದ್ದ, ಅರವತ್ತು ದಾಟಿದ ಹಿರಿಯರೊಬ್ಬರು ಒಂದೇ ಸಮನೆ ಹೆಜ್ಜೆ ಹಾಕುತ್ತಾ ಪಕ್ಕದಲ್ಲೇ ಬಂದು, "ಬನ್ನಿ ಸಾರ್, ಇನ್ನೇನು ಬಂದೇಬಿಡ್ತು" ಅಂದು ಮುಂದೆ ಹೋದರು. ಇನ್ನೂ ಮೂರು ಕಿಲೋಮೀಟರ್ ಬಾಕಿ ಇತ್ತು.

ಆಮೇಲೆ ಎಷ್ಟೋ ಓಟ ಓಡಿದ್ದೇನೆ. ಒಂದರಲ್ಲೂ ಬಹುಮಾನ ಬಂದಿಲ್ಲ, ಬರುವುದೂ ಇಲ್ಲ. ಆದರೆ ಮತ್ತೆ ಆ ಸ್ಥಿತಿ ಬರಲಿಲ್ಲ. ನಮ್ಮಂಥ ಹವ್ಯಾಸಿಗಳು ಕೆಡುವುದು ಹೆಚ್ಚಾಗಿ ಅವಸರದಿಂದಲೇ. ಅಭ್ಯಾಸದಲ್ಲಿ ಅವಸರ, ಶೂ ಕೊಳ್ಳುವಾಗ ಅವಸರ, ಗನ್ ಹೊಡೆದ ಮೇಲಂತೂ ಕೇಳಲೇಬೇಡಿ.

ಯಾವ ಓಟ?

ಮೊದಲ ಸಲಕ್ಕೆ 10 ಕಿಲೋಮೀಟರ್ ಸರಿಯಾದ ದೂರ. ಐದು ಕಿಲೋಮೀಟರ್ ಓಟಕ್ಕೆ ಯಾರೂ ಸರಿಯಾಗಿ ತಯಾರಾಗುವುದಿಲ್ಲ, ಸುಮ್ನೆ ಹೋಗಿ ಓಡಿಬಿಡುತ್ತಾರೆ. ಹಾಫ್ ಮ್ಯಾರಥಾನ್ ಅಂದರೆ 21 ಕಿಲೋಮೀಟರಿನ ಮೇಲೆ ಇನ್ನೂ 97.5 ಮೀಟರ್. ಅದಕ್ಕೆ ತಿಂಗಳುಗಟ್ಟಲೆ ಬೆಳಗಿನ ನಿದ್ದೆ ಬಿಡಬೇಕು.

ನಾನು ಇಲ್ಲಿ ಬೆಂಗಳೂರಿನ ವರ್ಲ್ಡ್ 10ಕೆ ಓಟವನ್ನೇ ಇಟ್ಟುಕೊಂಡು ಹೇಳುತ್ತೇನೆ. ನಿಮ್ಮ ಊರಿನದು ಬೇರೆ ಇದ್ದರೂ ಹೆಚ್ಚಿನ ಮಾತು ಅದಕ್ಕೂ ಹೊಂದುತ್ತದೆ. ಈ ಓಟ 2008ರಲ್ಲಿ ಶುರುವಾಯಿತು. ಮೊದಲು ಮೇ ತಿಂಗಳಲ್ಲಿ ನಡೆಯುತ್ತಿತ್ತು, ಈಚೆಗೆ ಏಪ್ರಿಲ್ ಕೊನೆಗೆ ಬಂದಿದೆ. ವಿದೇಶದ ದೊಡ್ಡ ದೊಡ್ಡ ಓಟಗಾರರೂ ಬರುತ್ತಾರೆ. 2022ರಲ್ಲಿ ಕೀನ್ಯಾದ ನಿಕೋಲಸ್ ಕಿಮೆಲಿ 27 ನಿಮಿಷ 38 ಸೆಕೆಂಡಲ್ಲಿ ಮುಗಿಸಿದರು. ಅಂದರೆ ಒಂದೊಂದು ಕಿಲೋಮೀಟರಿಗೆ 2 ನಿಮಿಷ 46 ಸೆಕೆಂಡ್! ಅದೇ ಬೆಳಗ್ಗೆ, ಅದೇ ಊರಿನ ರಸ್ತೆಯಲ್ಲಿ ನಾವೂ ಓಡಬಹುದು. ಗಲ್ಲಿ ಕ್ರಿಕೆಟ್ ಆಡುವವರಿಗೆ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಬ್ಯಾಟ್ ಹಿಡಿಯುವ ಯೋಗ ಸಿಗುವುದಿಲ್ಲ, ಅಲ್ವಾ?

ಹೆಸರು ಕೊಡುವಾಗ ವಿಭಾಗ ನೋಡಿಕೊಳ್ಳಿ. ಅದೇ ದಿನ 'ಮಜಾ ರನ್' ಅಂತ ಚಿಕ್ಕ ಓಟವೂ ಇರುತ್ತದೆ. ಹೆಸರೇ ಹೇಳುವಂತೆ ಅದು ಮೋಜಿಗೆ. ನಿಮಗೆ ಬೇಕಿರುವುದು ಓಪನ್ 10ಕೆ. ಫಾರಂನಲ್ಲಿ ಎಷ್ಟು ಹೊತ್ತಿನಲ್ಲಿ ಮುಗಿಸುತ್ತೀರಿ ಅಂತ ಕೇಳಿದರೆ ನಿಜ ಬರೆಯಿರಿ. ಆ ಲೆಕ್ಕದ ಮೇಲೆ ನೀವು ಮುಂದೆ ನಿಲ್ಲಬೇಕೋ ಹಿಂದೆಯೋ ಅಂತ ತೀರ್ಮಾನವಾಗುತ್ತದೆ. ಜಂಬಕ್ಕೆ 50 ನಿಮಿಷ ಅಂತ ಬರೆದರೆ ವೇಗದವರ ನಡುವೆ ಸಿಕ್ಕಿಕೊಂಡು ಒದ್ದಾಡುತ್ತೀರಿ. ಮೊದಲ ಸಲ ಅಂದರೆ 75ರಿಂದ 80 ನಿಮಿಷ ಅನ್ನುವುದು ಮರ್ಯಾದೆಯ ಲೆಕ್ಕ. ಜಾಗ ತುಂಬಿದ ಮೇಲೆ ನೋಂದಣಿ ಮುಚ್ಚುತ್ತಾರೆ, ಕೊನೆವರೆಗೆ ಕಾಯಬೇಡಿ.

ಶೂ, ಡಾಕ್ಟರ್, ಉಳಿದದ್ದು

ನಲವತ್ತು ದಾಟಿದ್ದರೆ, ಬಿಪಿ ಅಥವಾ ಶುಗರ್ ಇದ್ದರೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆ ಆಗಿದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಿ ಬನ್ನಿ. ಓಡುವಾಗ ಎದೆ ಬಿಗಿಯುವುದು, ತಲೆ ಸುತ್ತುವುದು ಆದರೆ ಅಲ್ಲೇ ನಿಲ್ಲಿಸಿ. ಇದರಲ್ಲಿ ಧೈರ್ಯ ತೋರಿಸುವಂಥದ್ದು ಏನೂ ಇಲ್ಲ.

ದುಡ್ಡು ಹಾಕುವುದಿದ್ದರೆ ಶೂಗೆ ಮಾತ್ರ ಹಾಕಿ. ಸಾಯಂಕಾಲ ಹೋಗಿ ಕೊಳ್ಳಿ, ದಿನವಿಡೀ ನಡೆದು ಪಾದ ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಸಾಕ್ಸನ್ನೇ ಹಾಕಿಕೊಂಡು ಹೋಗಿ. ನಿಂತಾಗ ಹೆಬ್ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಅಗಲದ ಜಾಗ ಇರಬೇಕು. ಹಿಮ್ಮಡಿ ಜಾರಬಾರದು. ಅಂಗಡಿಯವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ಅಲ್ಲೇ ನಾಲ್ಕು ಹೆಜ್ಜೆ ಓಡಿ ನೋಡಿ. ವೇಗದ ಓಟಗಾರರು ಹಾಕುವ, ಅಡಿಯಲ್ಲಿ ಗಟ್ಟಿ ತಗಡಿರುವ ಕಾರ್ಬನ್ ಪ್ಲೇಟ್ ಶೂ ನಮಗೆ ಬೇಡ. ಎಂಟು ನಿಮಿಷಕ್ಕೊಂದು ಕಿಲೋಮೀಟರ್ ಓಡುವವರಿಗೆ ಅದು ಎತ್ತಿನ ಗಾಡಿಗೆ ರೇಸ್ ಕಾರಿನ ಟೈರ್ ಹಾಕಿದ ಹಾಗೆ.

ಹತ್ತಿ ಟೀ ಶರ್ಟ್ ಬೆವರು ಕುಡಿದು ಭಾರವಾಗುತ್ತದೆ, ಚರ್ಮ ಉಜ್ಜುತ್ತದೆ. ಬೇಗ ಒಣಗುವ ಬಟ್ಟೆಯದು ತೊಗೊಳ್ಳಿ. ಹೆಂಗಸರಿಗೆ ಸರಿಯಾದ ಸ್ಪೋರ್ಟ್ಸ್ ಬ್ರಾ ಶೂನಷ್ಟೇ ಮುಖ್ಯ. ಆಮೇಲೆ ಒಂದು ಡಬ್ಬಿ ವ್ಯಾಸಲಿನ್. ಅದು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಹನ್ನೆರಡು ವಾರದ ಲೆಕ್ಕ

ಓಟ ಏಪ್ರಿಲ್ ಕೊನೆಗೆ ಇದ್ದರೆ ಸಂಕ್ರಾಂತಿಯ ಎಳ್ಳು-ಬೆಲ್ಲ ತಿಂದು ಮುಗಿಸಿ ಶುರು ಮಾಡಿ. ಹದಿನಾಲ್ಕು ವಾರ ಸಿಗುತ್ತದೆ. ಹನ್ನೆರಡು ಅಭ್ಯಾಸಕ್ಕೆ, ಎರಡು ಜ್ವರ, ಮದುವೆ, ಆಫೀಸಿನ ತುರ್ತು ಕೆಲಸಕ್ಕೆ. ಆ ಎರಡು ವಾರ ಬೇಕೇ ಆಗುತ್ತದೆ, ನಂಬಿ. ಮುಕ್ಕಾಲು ಗಂಟೆ ಸಲೀಸಾಗಿ ನಡೆಯಬಲ್ಲವರಿಗೆ ಈ ಲೆಕ್ಕ. ಅಷ್ಟು ಆಗದಿದ್ದರೆ ಮೊದಲು ಒಂದು ತಿಂಗಳು ನಡೆಯಿರಿ.

ವಾರಕ್ಕೆ ಮೂರೇ ದಿನ ಓಟ. ಮಂಗಳವಾರ, ಗುರುವಾರ, ಭಾನುವಾರ. ನಡುವೆ ಒಂದು ದಿನವಾದರೂ ಬಿಡುವು ಇರಲಿ. ಪ್ರತಿ ಸಲವೂ ಐದು ನಿಮಿಷ ನಡೆದು ಶುರು, ಐದು ನಿಮಿಷ ನಡೆದು ಮುಕ್ತಾಯ.

ಮೊದಲ ಎರಡು ವಾರ: ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಹತ್ತು ಸಲ.
ಮೂರು, ನಾಲ್ಕನೇ ವಾರ: ಮೂರು ನಿಮಿಷ ಓಟ, ಒಂದು ನಿಮಿಷ ನಡಿಗೆ, ಎಂಟು ಸಲ.
ಐದನೇ ವಾರ: ಎಂಟು ನಿಮಿಷ ಓಟ, ಎರಡು ನಿಮಿಷ ನಡಿಗೆ, ಮೂರು ಸಲ.
ಆರನೇ ವಾರ: ಹದಿನೈದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಮತ್ತೆ ಹದಿನೈದು.
ಏಳರಿಂದ ಹತ್ತನೇ ವಾರ: ಮಂಗಳವಾರ, ಗುರುವಾರ ಅರ್ಧ ಗಂಟೆ ಓಟ. ಭಾನುವಾರದ ಲಾಂಗ್ ರನ್ ಒಂದೊಂದು ವಾರಕ್ಕೆ 4, 5, 6.5, 8 ಕಿಲೋಮೀಟರ್.
ಹನ್ನೊಂದನೇ ವಾರ: ಭಾನುವಾರ 5 ಮಾತ್ರ.
ಹನ್ನೆರಡನೇ ವಾರ: ಮಂಗಳವಾರ, ಗುರುವಾರ ಇಪ್ಪತ್ತು ನಿಮಿಷ ಹಗುರ ಓಟ. ಭಾನುವಾರ ಪರೀಕ್ಷೆ.

"ಎಂಟೇ ಓಡಿ ಹತ್ತು ಹೇಗೆ ಓಡಲಿ" ಅಂತ ಎಲ್ಲರೂ ಕೇಳುತ್ತಾರೆ. ಎಂಟು ಓಡಿದ ಕಾಲು ಹತ್ತು ಓಡುತ್ತದೆ. ಕೊನೆಯ ಎರಡನ್ನು ಜನರ ಚಪ್ಪಾಳೆ ಓಡಿಸುತ್ತದೆ.

ವೇಗ ಎಷ್ಟಿರಬೇಕು? ವಾಚ್ ನೋಡಬೇಡಿ, ಬಾಯಿ ನೋಡಿ. ಓಡುತ್ತಲೇ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಜೊತೆಗೆ ಯಾರೂ ಇಲ್ಲದಿದ್ದರೆ ಹದಿಮೂರರ ಮಗ್ಗಿ ಹೇಳಿ. "ಹದಿಮೂರೊಂದ್ಲಿ ಹದಿಮೂರು, ಹದಿಮೂರೆರಡ್ಲಿ ಇಪ್ಪತ್ತಾರು." ಒಂದು ಸಾಲಿಗೆ ಒಂದು ಉಸಿರು ಸಾಕಾದರೆ ವೇಗ ಸರಿ ಇದೆ. 'ಹದಿಮೂರೆರಡ್ಲಿ' ಅಂದು ಉಸಿರು ಎಳೆದುಕೊಂಡು 'ಇಪ್ಪತ್ತಾರು' ಅನ್ನುವಂತಾದರೆ ಜಾಸ್ತಿಯಾಯಿತು, ಇಳಿಸಿ. ಪಾರ್ಕಿನಲ್ಲಿ ವಾಕಿಂಗ್ ಮಾಡುವವರು ತಿರುಗಿ ನೋಡುತ್ತಾರೆ. ನೋಡಲಿ ಬಿಡಿ.

ನಿಮ್ಮನ್ನು ನಡೆದುಕೊಂಡೇ ಯಾರಾದರೂ ಹಿಂದೆ ಹಾಕಿದರೆ ಬೇಜಾರಾಗಬೇಡಿ. ಉಸಿರು ಒಂದೆರಡು ತಿಂಗಳಲ್ಲಿ ಪಳಗುತ್ತದೆ. ಮೂಳೆ, ಕೀಲು, ಸ್ನಾಯುರಜ್ಜು ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ಅದಕ್ಕೇ ಐದನೇ ವಾರದ ಹೊತ್ತಿಗೆ "ನನಗೇನೂ ಆಗಲ್ಲ" ಅಂತ ವೇಗ ಹೆಚ್ಚಿಸಿದವರು ಆರನೇ ವಾರ ಮೊಣಕಾಲಿಗೆ ಐಸ್ ಇಟ್ಟುಕೊಂಡು ಕೂತಿರುತ್ತಾರೆ. ಮೀನಖಂಡದ ಬಿಗಿತ, ತೊಡೆ ನೋವು ಎರಡು ದಿನದಲ್ಲಿ ಹೋದರೆ ಮಾಮೂಲು. ಒಂದೇ ಜಾಗದಲ್ಲಿ ಚುಚ್ಚುವ ನೋವು, ಓಡಿದಂತೆಲ್ಲ ಜಾಸ್ತಿಯಾಗುವ ನೋವು, ಕುಂಟಿಸುವ ನೋವು ಮಾಮೂಲಲ್ಲ. ಒಂದು ವಾರ ನಿಲ್ಲಿಸಿ. ಹೋಗದಿದ್ದರೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ.

ಓಟ ಇಲ್ಲದ ದಿನ ಹತ್ತು ನಿಮಿಷ ಬಸ್ಕಿ ಹೊಡೆಯಿರಿ. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಿ. ಜಿಮ್ ಬೇಕಿಲ್ಲ.

ಎಲ್ಲಿ ಓಡುವುದು, ನಾಯಿ ಬಂದರೇನು

ಬೆಂಗಳೂರಿನಲ್ಲಿ ಅಭ್ಯಾಸದ ಕೊನೆಯ ವಾರಗಳು ಬೀಳುವುದು ಮಾರ್ಚ್-ಏಪ್ರಿಲಿನ ಬಿಸಿಲಲ್ಲಿ. ಆರೂವರೆಯೊಳಗೆ ಮುಗಿಸುವ ಅಭ್ಯಾಸ ಮಾಡಿಕೊಳ್ಳಿ. ಓಟವೂ ಬೆಳಗಿನ ಜಾವವೇ ಇರುವುದರಿಂದ ಮೈಗೆ ಆ ಹೊತ್ತು ಒಗ್ಗುತ್ತದೆ.

ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ. ಲಾಂಗ್ ರನ್ನಿಗೆ ಅದಕ್ಕಿಂತ ಒಳ್ಳೆ ಜಾಗ ಊರೊಳಗೆ ನನಗೆ ಗೊತ್ತಿಲ್ಲ. ಲಾಲ್‌ಬಾಗ್ ಚೆನ್ನ, ಆದರೆ ಭಾನುವಾರ ನಡೆಯುವವರ ಜಾತ್ರೆ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಇದೆ, ಮಣ್ಣಿನ ದಾರಿ, ಹಕ್ಕಿಗಳ ಸದ್ದು. ಕ್ರೀಡಾಂಗಣದ ಟ್ರ್ಯಾಕ್ ಆದರೆ ಒಂದು ಸುತ್ತು 400 ಮೀಟರ್, ಹತ್ತು ಕಿಲೋಮೀಟರಿಗೆ 25 ಸುತ್ತು. ಹನ್ನೊಂದನೇ ಸುತ್ತಿಗೆ ಲೆಕ್ಕ ತಪ್ಪುತ್ತದೆ.

ಹೆಚ್ಚಿನವರಿಗೆ ಇದ್ಯಾವುದೂ ಹತ್ತಿರ ಇರುವುದಿಲ್ಲ, ರಸ್ತೆಯೇ ಗತಿ. ಎದುರಿಗೆ ಬರುವ ಗಾಡಿ ಕಾಣುವ ಹಾಗೆ ರಸ್ತೆಯ ಬಲಬದಿಯಲ್ಲಿ ಓಡಿ. ಫುಟ್‌ಪಾತಿನ ಚಪ್ಪಡಿ ಅಲ್ಲಾಡುತ್ತದೆ, ಕತ್ತಲಲ್ಲಿ ಅದರ ಮೇಲೆ ಓಡಬೇಡಿ. ಎರಡು ಕಿವಿಗೂ ಇಯರ್‌ಫೋನ್ ಹಾಕಬೇಡಿ.

ಬೀದಿ ನಾಯಿ ಬೊಗಳುತ್ತಾ ಬಂದರೆ ಓಟ ನಿಲ್ಲಿಸಿ. ಓಡಿದರೆ ಅಟ್ಟಿಸಿಕೊಂಡು ಬರುವುದು ಅದರ ಸ್ವಭಾವ. ಕಣ್ಣಲ್ಲಿ ಕಣ್ಣಿಡಬೇಡಿ, ಪೂರ್ತಿ ಬೆನ್ನು ತೋರಿಸಲೂಬೇಡಿ. ನಿಧಾನಕ್ಕೆ ನಡೆದು ಅದರ ಬೀದಿ ದಾಟಿ. ವಾರಕ್ಕೆ ಮೂರು ದಿನ ಒಂದೇ ಹೊತ್ತಿಗೆ ಹೋದರೆ ಅವಕ್ಕೂ ಗುರುತು ಸಿಗುತ್ತದೆ. ನಮ್ಮ ಬೀದಿಯ ಕರಿಯ ಈಗ ಮೊದಲ ಐವತ್ತು ಮೀಟರ್ ನನ್ನ ಜೊತೆ ಬಂದು, ಹಾಲಿನ ಬೂತ್ ಹತ್ತಿರ ನಿಂತುಬಿಡುತ್ತದೆ. ಅಕಸ್ಮಾತ್ ಕಚ್ಚಿದರೆ ಸೋಪು ಹಾಕಿ ಹದಿನೈದು ನಿಮಿಷ ಹರಿಯುವ ನೀರಲ್ಲಿ ತೊಳೆದು, ಅವತ್ತೇ ರೇಬೀಸ್ ಚುಚ್ಚುಮದ್ದಿಗೆ ಹೋಗಿ.

ಊಟ

ಹತ್ತು ಕಿಲೋಮೀಟರಿಗೆ ವಿಶೇಷ ಊಟ ಬೇಡ. ಜೆಲ್, ಪೌಡರ್ ಯಾವುದೂ ಬೇಡ. ಮನೆಯ ಅನ್ನ-ಸಾರು, ಮುದ್ದೆ, ಮೊಸರು, ಮೊಟ್ಟೆ ಸಾಕು. ಭಾನುವಾರದ ಲಾಂಗ್ ರನ್ನಿಗೆ ಮೊದಲು ಏನು ತಿಂದರೆ ಹೊಟ್ಟೆ ಸುಮ್ಮನಿರುತ್ತದೆ ಅಂತ ಕಂಡುಕೊಳ್ಳಿ. ನನಗೆ ಒಂದು ಬಾಳೆಹಣ್ಣು, ಅರ್ಧ ಲೋಟ ಕಾಫಿ. ನನ್ನ ಸ್ನೇಹಿತನಿಗೆ ರಾಗಿ ಗಂಜಿ. ಇನ್ನೊಬ್ಬರಿಗೆ ಎರಡು ಇಡ್ಲಿ, ಚಟ್ನಿ ಇಲ್ಲದೆ. ಕಂಡುಕೊಂಡದ್ದನ್ನೇ ಓಟದ ದಿನವೂ ತಿನ್ನಿ.

ಹಿಂದಿನ ಎರಡು ದಿನ

ಬಿಬ್ ಅಂದರೆ ಟೀ ಶರ್ಟಿಗೆ ಚುಚ್ಚಿಕೊಳ್ಳುವ ನಂಬರ್ ಚೀಟಿ. ಅದನ್ನು ತರಲು ಗುರುತಿನ ಚೀಟಿ ಬೇಕು, ನೋಂದಣಿಯ ಮೇಲ್ ಬೇಕು. ಬಿಬ್ ಹಂಚುವ ಮೇಳಕ್ಕೆ, ಅಂದರೆ ಎಕ್ಸ್‌ಪೋಗೆ, ಶನಿವಾರ ಸಂಜೆ ಹೋಗಬೇಡಿ. ಎರಡು ಗಂಟೆ ನಿಂತು ಕಾಲು ಸೋಲುತ್ತದೆ. ಅಲ್ಲಿ ಹೊಸ ಸಾಕ್ಸ್, ಹೊಸ ಶೂ ಕಡಿಮೆ ಬೆಲೆಗೆ ಸಿಗುತ್ತದೆ. ಬೇಕಾದರೆ ಕೊಳ್ಳಿ, ಆದರೆ ಭಾನುವಾರ ಹಾಕಬೇಡಿ.

ಬಿಬ್ ಚುಚ್ಚುವುದಕ್ಕೂ ಒಂದು ಉಪಾಯ ಇದೆ. ಟೀ ಶರ್ಟನ್ನು ಒಂದು ದಿಂಬಿಗೆ ಹಾಕಿ. ಹೊಟ್ಟೆ ಬರುವ ಜಾಗದಲ್ಲಿ ಬಿಬ್ ಇಟ್ಟು, ಮೇಲಿನ ಎರಡು ಮೂಲೆಗೆ ಮೊದಲು ಸೇಫ್ಟಿ ಪಿನ್ ಹಾಕಿ, ಬಟ್ಟೆ ಸ್ವಲ್ಪ ಸಡಿಲ ಬಿಟ್ಟು ಕೆಳಗಿನ ಎರಡು ಹಾಕಿ. ಪಿನ್ ದಿಂಬಿನ ಕವರಿಗೂ ಸೇರಿಕೊಂಡಿಲ್ಲ ಅಂತ ನೋಡಿಕೊಳ್ಳಿ, ನಾನು ಒಮ್ಮೆ ಸೇರಿಸಿದ್ದೆ. ನಿಮ್ಮ ಸಮಯ ಅಳೆಯುವ ಟೈಮಿಂಗ್ ಚಿಪ್ ಸಾಮಾನ್ಯವಾಗಿ ಬಿಬ್ಬಿನ ಹಿಂದೆಯೇ ಅಂಟಿರುತ್ತದೆ. ಮಡಚಬೇಡಿ, ಮೇಲೆ ಜಾಕೆಟ್ ಹಾಕಿ ಮುಚ್ಚಬೇಡಿ. ಬಿಬ್ಬಿನ ಹಿಂದೆ ಮನೆಯವರ ಫೋನ್ ನಂಬರ್, ರಕ್ತದ ಗುಂಪು ಬರೆದಿಡಿ.

ಶನಿವಾರ ರಾತ್ರಿ ಏಳೂವರೆಗೆ ಊಟ. ಹುರುಳಿಕಾಳಿನ ಬಸ್ಸಾರು, ಬೋಂಡ, ಬಿರಿಯಾನಿ ಮರುದಿನಕ್ಕೆ ಇರಲಿ. ನಿದ್ದೆ ಬರುವುದಿಲ್ಲ, ಯಾರಿಗೂ ಬರುವುದಿಲ್ಲ. ಶುಕ್ರವಾರ ಚೆನ್ನಾಗಿ ಮಲಗಿದ್ದರೆ ಸಾಕು.

ಆ ಬೆಳಗ್ಗೆ

ಓಟ ಶುರುವಾಗುವ ಎರಡೂವರೆ ಗಂಟೆ ಮೊದಲು ಏಳಿ. ವ್ಯಾಸಲಿನ್ ಡಬ್ಬಿ ತೆಗೆಯಿರಿ. ತೊಡೆ ಸಂದು, ಕಂಕುಳು, ಕಾಲ್ಬೆರಳ ನಡುವೆ ಹಚ್ಚಿ. ಗಂಡಸರು ಮೊಲೆತೊಟ್ಟಿಗೂ ಹಚ್ಚಿ, ನಗಬೇಡಿ. ಬೆವರಿದ ಬಟ್ಟೆ ಒಂದೂಕಾಲು ಗಂಟೆ ಉಜ್ಜಿದರೆ ರಕ್ತ ಬರುತ್ತದೆ, ಸ್ನಾನಕ್ಕೆ ನೀರು ಬಿದ್ದಾಗ ಕಿರುಚುತ್ತೀರಿ. ನೋವಿನ ಮಾತ್ರೆ ನುಂಗಿ ಹೊರಡುವವರನ್ನು ನೋಡಿದ್ದೇನೆ. ಬೇಡ. ಓಡುವ ಮೈಯಲ್ಲಿ ಅದು ಕಿಡ್ನಿಗೆ ಒಳ್ಳೆಯದಲ್ಲ.

ಭಾನುವಾರ ನಮ್ಮ ಮೆಟ್ರೋ ತಡವಾಗಿ ಶುರುವಾಗುತ್ತದೆ. ಈ ಓಟಕ್ಕೆಂದು ಬೆಳಗಿನ ಜಾವವೇ ರೈಲು ಬಿಟ್ಟದ್ದೂ ಉಂಟು, ಆ ವರ್ಷದ ಪ್ರಕಟಣೆ ನೋಡಿಕೊಳ್ಳಿ. ಸ್ವಂತ ಗಾಡಿಯಾದರೆ ಮುಚ್ಚಿದ ರಸ್ತೆಗಳ ಪಟ್ಟಿ ಹಿಂದಿನ ದಿನವೇ ನೋಡಿ. ಹೋದ ತಕ್ಷಣ ಶೌಚಾಲಯದ ಸಾಲಿಗೆ ನಿಲ್ಲಿ, ಅವಸರ ಇರಲಿ ಬಿಡಲಿ. ನಿಮ್ಮ ಸರದಿ ಬರುವಷ್ಟರಲ್ಲಿ ಅವಸರವಾಗಿರುತ್ತದೆ.

ಶೂ ಲೇಸಿಗೆ ಎರಡು ಗಂಟು. ಓಟಕ್ಕೆ ಮೊದಲು ಎಲ್ಲರನ್ನೂ ನಿಲ್ಲಿಸುವ ಹೋಲ್ಡಿಂಗ್ ಏರಿಯಾದಲ್ಲಿ ನಿಮ್ಮ ಬಿಬ್ ಹೇಳಿದ ಜಾಗದಲ್ಲಿ, ಅದರಲ್ಲೂ ಹಿಂದುಗಡೆ ನಿಲ್ಲಿ. ಗನ್ ಹೊಡೆದು ಐದು ನಿಮಿಷವಾದರೂ ನೀವು ಕದಲಿರುವುದಿಲ್ಲ. ಗಾಬರಿ ಬೇಡ, ನೀವು ಶುರುವಿನ ಮ್ಯಾಟ್ ತುಳಿದಾಗಲಷ್ಟೇ ನಿಮ್ಮ ಚಿಪ್ಪಿನ ಗಡಿಯಾರ ಓಡತೊಡಗುತ್ತದೆ.

ಓಟ

75 ನಿಮಿಷದ ಗುರಿ ಅಂತ ಇಟ್ಟುಕೊಳ್ಳೋಣ. ಸಮ ವೇಗದಲ್ಲಿ ಹೋದರೆ ಕಿಲೋಮೀಟರಿಗೆ 7 ನಿಮಿಷ 30 ಸೆಕೆಂಡ್. ಹಾಗೆ ಓಡಬೇಡಿ.

ಮೊದಲ ಎರಡು ಕಿಲೋಮೀಟರಿಗೆ 7 ನಿಮಿಷ 50 ಸೆಕೆಂಡಿನಂತೆ ಹೋಗಿ. ಎಲ್ಲರೂ ನಿಮ್ಮನ್ನು ದಾಟಿ ಹೋಗುತ್ತಾರೆ. ಗೊಂಬೆ ವೇಷದವರು ದಾಟುತ್ತಾರೆ, ಸೆಲ್ಫಿ ತೆಗೆಯುತ್ತಾ ಓಡುವವರು ದಾಟುತ್ತಾರೆ. ಆ ಹೊತ್ತಿಗೆ ಮೈ ಬಹಳ ಹಗುರ ಅನಿಸುತ್ತದೆ. ವಾರವಿಡೀ ಕಡಿಮೆ ಓಡಿದ್ದೀರಿ, ಮೇಲೆ ಗದ್ದಲದ ಅಮಲು. ಆ ಹಗುರ ಸಾಲದ ದುಡ್ಡು. ಜನರ ನಡುವೆ ಸಂದು ಹುಡುಕಿ ಅಂಕುಡೊಂಕಾಗಿ ನುಗ್ಗಬೇಡಿ, ಅದರಲ್ಲೇ ಅರ್ಧ ಶಕ್ತಿ ಹೋಗುತ್ತದೆ.

ಮೂರರಿಂದ ಏಳರವರೆಗೆ 7.30ರಂತೆ. ಮಾರ್ಗ ಕೆಲವು ಸಲ ಬದಲಾಗಿದೆ, ಆದರೂ ಹಲಸೂರು ಕೆರೆ, ಕಬ್ಬನ್ ಪಾರ್ಕಿನ ಆಸುಪಾಸಿನಲ್ಲೇ ಇರುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಸಮತಟ್ಟಂತೂ ಅಲ್ಲ. ಕರಾವಳಿಯಿಂದ ಬಂದವರಿಗೆ ಸೆಕೆ ಕಡಿಮೆ, ಏರು ಜಾಸ್ತಿ ಅನಿಸುತ್ತದೆ. ಬೈಕಿನಲ್ಲಿ ಗೊತ್ತೇ ಆಗದ ಏರು ಕಾಲಿಗೆ ಗೊತ್ತಾಗುತ್ತದೆ. ಏರಿನಲ್ಲಿ ಹೆಜ್ಜೆ ಚಿಕ್ಕದು ಮಾಡಿ, ಉಸಿರು ಒಂದೇ ಮಟ್ಟದಲ್ಲಿರಲಿ. ಹತ್ತು ಸೆಕೆಂಡ್ ಹೋದರೆ ಹೋಗಲಿ. ಐದನೇ ಕಿಲೋಮೀಟರಿನಲ್ಲಿ ಒಮ್ಮೆ ಮನಸ್ಸಿನೊಳಗೇ ಹದಿಮೂರರ ಮಗ್ಗಿ ಹೇಳಿ ನೋಡಿ. ಹದಿಮೂರೇಳ್ಲಿ ಎಷ್ಟು ಅಂತ ಹೊಳೆಯದಿದ್ದರೆ ಸ್ವಲ್ಪ ಇಳಿಸಿ.

ನೀರಿನ ಮೇಜುಗಳಲ್ಲಿ ಮೊದಲನೆಯದಕ್ಕೇ ಎಲ್ಲರೂ ಮುತ್ತಿಗೆ ಹಾಕುತ್ತಾರೆ. ಕೊನೆಯ ಮೇಜಿಗೆ ಹೋಗಿ, ಅಲ್ಲಿ ಖಾಲಿ ಇರುತ್ತದೆ. ಎರಡು-ಮೂರು ಗುಟುಕು ಸಾಕು. ಓಡುತ್ತಾ ಕುಡಿದು ಮೂಗಿಗೆ ಏರಿಸಿಕೊಳ್ಳುವ ಬದಲು ಹತ್ತು ಹೆಜ್ಜೆ ನಡೆದು ಕುಡಿಯಿರಿ. ಕಾಲ ಕೆಳಗೆ ಬಿದ್ದ ಬಾಟಲಿ, ಲೋಟ ನೋಡಿಕೊಂಡು ಹೆಜ್ಜೆ ಇಡಿ. ಹಿಂದಿನ ಸಂಜೆ ಮಳೆ ಬಂದಿದ್ದರೆ ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರುವುದಿಲ್ಲ. ಅಂಥ ದಿನ ಗುರಿಗೆ ಎರಡು ನಿಮಿಷ ಸೇರಿಸಿಕೊಳ್ಳಿ.

ಪಕ್ಕೆ ಹಿಡಿದರೆ ನಿಧಾನ ಮಾಡಿ, ನೋಯುವ ಜಾಗವನ್ನು ಬೆರಳಿಂದ ಒತ್ತಿಕೊಂಡು ಹೊಟ್ಟೆಯಿಂದ ಆಳವಾಗಿ ಉಸಿರು ಬಿಡಿ. ಒಂದೆರಡು ನಿಮಿಷದಲ್ಲಿ ಬಿಡುತ್ತದೆ. ನಡೆಯಬೇಕಾದರೆ ರಸ್ತೆಯ ಅಂಚಿಗೆ ಬಂದು ನಡೆಯಿರಿ, ನಡುವೆ ದಿಢೀರನೆ ನಿಲ್ಲಬೇಡಿ.

ಏಳನೇ ಕಿಲೋಮೀಟರಿನ ಫಲಕ ದಾಟಿದಾಗ ಲೆಕ್ಕ ತಿರುಗುತ್ತದೆ. ಮೊದಲು ನಿಮ್ಮನ್ನು ದಾಟಿ ಹೋದವರೆಲ್ಲ ಈಗ ಸೊಂಟಕ್ಕೆ ಕೈಯಿಟ್ಟು ನಡೆಯುತ್ತಿರುತ್ತಾರೆ. ಒಬ್ಬೊಬ್ಬರನ್ನೇ ದಾಟುತ್ತಾ ಹೋಗಿ, 7.15ಕ್ಕೆ ಏರಿಸಿ. ಈ ಲೆಕ್ಕದಲ್ಲಿ 74 ನಿಮಿಷ 55 ಸೆಕೆಂಡಿಗೆ ಮುಗಿಯುತ್ತದೆ. ದಾಟುವಾಗ "ಬನ್ನಿ ಸಾರ್, ಇನ್ನೇನು ಬಂದೇಬಿಡ್ತು" ಅಂತ ಮಾತ್ರ ಅನ್ನಬೇಡಿ. ಎಷ್ಟು ದೂರ ಇದೆ ಅಂತ ಅವರಿಗೂ ಗೊತ್ತಿರುತ್ತದೆ.

ನಿಮ್ಮ ವಾಚ್ 10ರ ಬದಲು 10.2 ಕಿಲೋಮೀಟರ್ ತೋರಿಸಬಹುದು. ಮಾರ್ಗ ಅಳೆಯುವುದು ತಿರುವುಗಳ ಒಳಅಂಚಿನ ಅತಿ ಹತ್ತಿರದ ದಾರಿಯಲ್ಲಿ, ನಾವು ಓಡುವುದು ಎಲ್ಲೆಲ್ಲೋ. ಆಯೋಜಕರ ಜೊತೆ ಜಗಳ ಬೇಡ.

ಮುಗಿದ ಮೇಲೆ

ಗೆರೆ ದಾಟಿದ ತಕ್ಷಣ ವಾಚ್ ನೋಡುತ್ತಾ ನಿಲ್ಲಬೇಡಿ, ಹಿಂದಿನವರು ಬಂದು ಗುದ್ದುತ್ತಾರೆ. ಮೆಡಲ್ ತೊಗೊಂಡು ಹತ್ತು ನಿಮಿಷ ನಡೆಯಿರಿ. ಒಮ್ಮೆಲೇ ಕೂತರೆ ತಲೆ ಸುತ್ತುತ್ತದೆ. ಒಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆ ಸ್ವಲ್ಪ ಸ್ವಲ್ಪವೇ ಕುಡಿಯಿರಿ. ಬೆವರಿದ ಬಟ್ಟೆ ಬದಲಾಯಿಸಿ. ಆಮೇಲೆ ಮಸಾಲೆ ದೋಸೆ, ಎರಡಾದರೂ ಕೇಳುವವರಿಲ್ಲ.

ಸೋಮವಾರ ಮೆಟ್ಟಿಲು ಇಳಿಯುವಾಗ ತೊಡೆ ನಡುಗುತ್ತದೆ. ಕೈಕಂಬಿ ಹಿಡಿದು ಅಡ್ಡವಾಗಿ ಇಳಿಯಿರಿ. ಎರಡು ದಿನ ನಡಿಗೆ ಮಾತ್ರ, ಒಂದು ವಾರ ಹಗುರ ಓಟ. ನಿಮ್ಮ ನೆಟ್ ಟೈಮ್, ಅಂದರೆ ಚಿಪ್ ಅಳೆದ ಸಮಯ, ಜಾಲತಾಣದಲ್ಲಿ ಬರುತ್ತದೆ, ಸರ್ಟಿಫಿಕೇಟ್ ಇಳಿಸಿಟ್ಟುಕೊಳ್ಳಿ. ಮುಂದಿನ ವರ್ಷ ಇನ್ನೂ ಮುಂದೆ ನಿಲ್ಲಲು ಅದೇ ಪುರಾವೆ. ಹಾಫ್ ಓಡುವ ಆಸೆ ಹುಟ್ಟಿದರೆ ಶ್ರೀರಂಗಪಟ್ಟಣದ ಹತ್ತಿರ ನಾಲೆಯ ಏರಿಯ ಮೇಲೆ ನಡೆಯುವ ಕಾವೇರಿ ಟ್ರೇಲ್ ಮ್ಯಾರಥಾನ್ ನೋಡಿ. ಮಣ್ಣಿನ ದಾರಿ, ಮಂಡಿಗೆ ಹಿತ.

ಶೂ ಒದ್ದೆಯಾಗಿರುತ್ತದೆ. ಒಳಗಿನ ಅಟ್ಟೆ ಹೊರಗೆ ತೆಗೆದು, ಹಳೇ ಪೇಪರ್ ಉಂಡೆ ಮಾಡಿ ತುರುಕಿ, ನೆರಳಲ್ಲಿ ಇಡಿ. ಬಿಸಿಲಿಗೆ ಇಟ್ಟರೆ ಅಂಟು ಬಿಡುತ್ತದೆ.